8 ಎಕರೆ ತೋಟವನ್ನು ಸೋಲಾರ್, ಗೋಬರ್ ಗ್ಯಾಸ್‌ಗೆ ತಿರುಗಿಸೋದಾದರೆ ಎಲ್ಲಿಂದ ಶುರು ಮಾಡಬೇಕು? (ಹೊಸದುರ್ಗ ಕಡೆ)

ತೆಂಗು_ದಾಳಿಂಬೆ ಕೇಳಿದ್ದು:

ಹೊಸದುರ್ಗ ತಾಲ್ಲೂಕು, ಕೆಂಪು ಮಣ್ಣು, ಒಟ್ಟು 8 ಎಕರೆ. 5 ಎಕರೆಯಲ್ಲಿ ಸುಮಾರು 330 ತೆಂಗು, 3 ಎಕರೆ ದಾಳಿಂಬೆ, ಅಂತರ 12×10 ಅಡಿ. ಕರೆಂಟು, ಡೀಸೆಲ್, ಸಿಲಿಂಡರ್ ಮೂರನ್ನೂ ನೆಚ್ಚಿಕೊಳ್ಳುವುದು ಕಡಿಮೆಯಾಗಬೇಕು ಅಂತ ಯೋಚನೆ. ಈಗಿರುವ ವ್ಯವಸ್ಥೆ ಹೀಗೆ:

ಬೋರ್ 1: ಬೆಸ್ಕಾಂ ಸಂಪರ್ಕ ಇದೆ, 7.5 ಎಚ್‌ಪಿ ಮೋಟರ್. ತ್ರೀ ಫೇಸ್ 7 ಗಂಟೆ, ಅದರಲ್ಲಿ ಅರ್ಧ ರಾತ್ರಿ ಹೊತ್ತು.
ಬೋರ್ 2: ಹೊಸದು. 520 ಅಡಿ, ಎರಡೂವರೆ ಇಂಚು ನೀರು. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) 700 ಮೀಟರ್ ದೂರ, ಸಂಪರ್ಕ ಇಲ್ಲ. ಮೋಟರ್ ಇನ್ನೂ ಇಳಿಸಿಲ್ಲ.
ಕೃಷಿ ಹೊಂಡ: 21×21×3 ಮೀಟರ್, ಹಾಳೆ ಹಾಸಿದ್ದು. ಇದರಿಂದ 5 ಎಚ್‌ಪಿ ಡೀಸೆಲ್ ಎಂಜಿನ್‌ನಲ್ಲಿ ದಾಳಿಂಬೆ ಡ್ರಿಪ್‌ಗೆ ದಿನಕ್ಕೆ 3 ಗಂಟೆ.
ಮನೆ, ಕೊಟ್ಟಿಗೆ ಒಂದೇ ಮೀಟರ್. ತಿಂಗಳಿಗೆ 160 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಎಚ್‌ಎಫ್ ಹಸು 6, ಮೇವು ಕತ್ತರಿಸೋ ಮಷಿನ್ 2 ಎಚ್‌ಪಿ ಸಿಂಗಲ್ ಫೇಸ್, ಹಾಲು ಕರೆಯೋ ಮಷಿನ್ 1 ಎಚ್‌ಪಿ.
ಮನೆಯಲ್ಲಿ 6 ಜನ, ಸಿಲಿಂಡರ್ 20 ದಿನ ಬರುತ್ತೆ.

ಒಂದು ಏಜೆನ್ಸಿಯವರು ಬಂದು ನೋಡಿ ‘7.5 ಎಚ್‌ಪಿ ಸೋಲಾರ್ ಪಂಪ್, ಮನೆ ಮೇಲೆ 5 ಕಿಲೋವ್ಯಾಟ್ ಪ್ಯಾನೆಲ್, ಜೊತೆಗೆ ಒಂದು ಚಿಕ್ಕ ಗಾಳಿಯಂತ್ರ’ ಅಂತ ಪ್ಯಾಕೇಜ್ ಬರೆದುಕೊಟ್ಟಿದ್ದಾರೆ. ಇದು ಸರಿಯಾ? ಯಾವುದು ಮೊದಲು, ಯಾವುದು ಬೇಡ?

—

ಲೆಕ್ಕದ_ಪುಸ್ತಕ:

ಪ್ಯಾಕೇಜ್ ಕಾಗದ ಮಡಿಸಿ ಒಳಗಿಡಿ. ಮೊದಲು ನಿಮ್ಮ ದುಡ್ಡು ಎಲ್ಲಿ ಸೋರುತ್ತಿದೆ ಅಂತ ನೋಡೋಣ.

ಬೋರ್ 1: 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ಕರೆಂಟು ಉಚಿತ. ಅಲ್ಲಿ ಸೋಲಾರ್ ಹಾಕಿದರೆ ಉಳಿಯೋದು ಸೊನ್ನೆ ರೂಪಾಯಿ. ತೊಂದರೆ ಇರೋದು ಹೊತ್ತಿನದು, ಹಣದ್ದಲ್ಲ. ಹೊತ್ತಿನ ತೊಂದರೆಗೆ ಹೊಂಡ ಇದೆಯಲ್ಲ. ರಾತ್ರಿ ಬರುವ ತ್ರೀ ಫೇಸ್‌ನಲ್ಲಿ ಹೊಂಡ ತುಂಬಿಸಿ. ನಿಮ್ಮ ಅಳತೆಯ ಹೊಂಡ, ಬದಿಯ ಇಳಿಜಾರು 1:1 ಇದ್ದರೆ, ಸುಮಾರು 9 ಲಕ್ಷ 80 ಸಾವಿರ ಲೀಟರ್ ಹಿಡಿಯುತ್ತೆ. ಇಷ್ಟು ದೊಡ್ಡ ಬ್ಯಾಟರಿ ಯಾವ ಅಂಗಡಿಯಲ್ಲೂ ಸಿಗಲ್ಲ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾಗುತ್ತೆ ಅಂದುಕೊಂಡರೂ ಹೋಗೋದು 2,600 ಲೀಟರ್, ಅಷ್ಟೇ. ಇನ್ನೊಂದು ವಿಷಯ: ಕೇಂದ್ರದ ಸೋಲಾರ್ ಪಂಪ್ ಯೋಜನೆ ಕುಸುಮ್‌ನ ಸಿ ಭಾಗದ (ಕುಸುಮ್-ಸಿ) ಅಡಿಯಲ್ಲಿ ಪಂಪ್‌ಸೆಟ್ ಫೀಡರ್‌ಗಳನ್ನೇ ಸೋಲಾರ್ ಘಟಕಕ್ಕೆ ಜೋಡಿಸುವ ಕೆಲಸ ನಡೀತಿದೆ. ನಿಮ್ಮ ಫೀಡರ್ ಅದರಲ್ಲಿ ಇದ್ದರೆ ಹಗಲು ಕರೆಂಟು ನಿಮ್ಮ ಕೈಯಿಂದ ಏನೂ ಹಾಕದೆ ಬರುತ್ತೆ. ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಫೀಡರ್ ಹೆಸರು ಹೇಳಿ ವಿಚಾರಿಸಿ.

ಮನೆ: ಬಿಲ್ಲೇ ಬರದ ಮೀಟರ್‌ಗೆ 5 ಕಿಲೋವ್ಯಾಟ್ ಯಾಕೆ? ಸೂರ್ಯಘರ್ ಸಬ್ಸಿಡಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಬರುತ್ತೆ, ನಿಜ. ಅದರಾಚೆ ಎಷ್ಟೇ ಹಾಕಿದರೂ ಸಬ್ಸಿಡಿ ಅಷ್ಟಕ್ಕೇ ನಿಲ್ಲುತ್ತೆ. ಉಳಿದ ದುಡ್ಡು ನಿಮ್ಮದು, ಅದನ್ನು ವಾಪಸ್ ಕೊಡೋಕೆ ಉಳಿತಾಯವಾಗುವ ಬಿಲ್ ಇರಬೇಕಲ್ಲ. ಒಂದು ಎಚ್ಚರ: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಹಸು 10 ಆಗುವ ಅಂದಾಜಿದ್ದರೆ ಆಗ ಮನೆ ಮೇಲಿನ ಪ್ಯಾನೆಲ್ ಬಗ್ಗೆ ಮಾತಾಡೋಣ.

ಗಾಳಿಯಂತ್ರ: ಚಿತ್ರದುರ್ಗದ ಜೋಗಿಮಟ್ಟಿ ಮೇಲೆ ತಿರುಗುತ್ತಿರೋದನ್ನು ತೋರಿಸಿ ಮಾರುತ್ತಾರೆ. ಅವು ಬೆಟ್ಟದ ನೆತ್ತಿಯ ಮೇಲೆ ಎತ್ತರದ ಕಂಬದಲ್ಲಿವೆ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ಸೆಕೆಂಡಿಗೆ 7 ಮೀಟರ್ ಗಾಳಿ 4 ಮೀಟರ್ ಗಾಳಿಗಿಂತ ಐದು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತೆ. ನಿಮ್ಮ ತೋಟದಲ್ಲಿ 30 ಅಡಿ ಕಂಬ ನೆಟ್ಟರೆ ತೆಂಗಿನ ಗರಿಗಿಂತ ಕೆಳಗೇ ಇರುತ್ತೆ. ಬೇಡ.

ಹಾಗಾದರೆ ಉಳಿದಿದ್ದು ಮೂರು. ಡೀಸೆಲ್: 5 ಎಚ್‌ಪಿ ಎಂಜಿನ್ ಗಂಟೆಗೆ ಸುಮಾರು 1.1 ಲೀಟರ್ ಕುಡಿಯುತ್ತೆ. ದಿನಕ್ಕೆ 3.3 ಲೀಟರ್, ಲೀಟರ್ 90ರ ಆಸುಪಾಸು ಅಂದರೂ 300 ರೂಪಾಯಿ. ವರ್ಷಕ್ಕೆ 200 ದಿನ ಓಡಿದರೆ 60,000. ನಿಮ್ಮ ತೋಟದ ದೊಡ್ಡ ತೂತು ಇದು. ಎರಡನೇದು ಬೋರ್ 2, ಮೂರನೇದು ಸಿಲಿಂಡರ್. ಇದೇ ಸರದಿಯಲ್ಲಿ ಹೋಗಿ.

ಬೋರ್ 2ಕ್ಕೆ ಕುಸುಮ್-ಬಿ ಸರಿ ಹೊಂದುತ್ತೆ. ಅದು ಗ್ರಿಡ್ ಸಂಪರ್ಕ ಇಲ್ಲದ ಪಂಪ್‌ಗಳಿಗೇ ಇರೋದು. ಟಿಸಿಯಿಂದ 500 ಮೀಟರ್‌ಗಿಂತ ದೂರ ಇದ್ದರೆ ಸರ್ಕಾರವೂ ಸೋಲಾರ್ ಕಡೆಗೇ ತಳ್ಳುತ್ತೆ. ಕೇಂದ್ರ 30, ರಾಜ್ಯ 50, ರೈತ 20 ಪಾಲು. ಅರ್ಜಿ ಕ್ರೆಡಲ್‌ನ (ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ) ಸೌರಮಿತ್ರ ಪೋರ್ಟಲ್‌ನಲ್ಲಿ. ಪಹಣಿ, ಆಧಾರ್, ಪಾಸ್‌ಬುಕ್ ಕೈಯಲ್ಲಿಟ್ಟುಕೊಂಡು ಕೂತುಕೊಳ್ಳಿ. ಕುಸುಮ್ ಹೆಸರಲ್ಲಿ ನಕಲಿ ವೆಬ್‌ಸೈಟ್‌ಗಳು ಬಹಳ ಇವೆ. ‘ನೋಂದಣಿ ಶುಲ್ಕ ಫೋನ್‌ಪೇ ಮಾಡಿ’ ಅಂದವರಿಗೆ ಒಂದು ಪೈಸೆ ಹಾಕಬೇಡಿ.

—

ರಿವೈಂಡಿಂಗ್_ಅಂಗಡಿ:

ಮೇಲಿನವರ ಲೆಕ್ಕ ಒಪ್ಪುತ್ತೀನಿ. ಬೋರ್ 2ರ ಬಗ್ಗೆ ನಾನು ಹೇಳ್ತೀನಿ, ಎಚ್‌ಪಿ ಆರಿಸೋದರಲ್ಲೇ ಬಹಳ ಜನ ಎಡವೋದು.

ಮೊದಲು ಇಂಚಿನ ಲೆಕ್ಕ. ಬೋರ್ ಲಾರಿಯವರು ಹೇಳುವ ಇಂಚು ಪೈಪಿನ ಇಂಚಲ್ಲ, ‘ವಿ’ ಆಕಾರದಲ್ಲಿ ಕತ್ತರಿಸಿದ ಹಲಗೆಯ ಮೇಲೆ ಹರಿಯುವ ನೀರಿನ ಎತ್ತರ. ಅದು ನೇರ ಲೆಕ್ಕದಲ್ಲಿ ಏರಲ್ಲ. 1 ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. 2 ಇಂಚು ಅಂದರೆ ಸಾವಿರ ಅಲ್ಲ, 2,900. ಎರಡೂವರೆ ಇಂಚು 5,000, 3 ಇಂಚು 8,000 ಹತ್ತಿರ. ಅದೂ ಕಂಪ್ರೆಸರ್ ಗಾಳಿಯಲ್ಲಿ ಎದ್ದ ನೀರು. ಬಾಡಿಗೆ ಮೋಟರ್ ಇಳಿಸಿ 4 ಗಂಟೆ ಓಡಿಸಿ ನೋಡಿ. 200 ಲೀಟರ್ ಡ್ರಮ್ 2 ನಿಮಿಷ 24 ಸೆಕೆಂಡ್‌ಗೆ ತುಂಬಿದರೆ ಗಂಟೆಗೆ 5,000 ಸರಿ. ಅದೇ ಹೊತ್ತಲ್ಲಿ ನೀರಿನ ಮಟ್ಟ ಎಲ್ಲಿಗೆ ಇಳಿದು ನಿಂತಿತು ಅಂತ ಅಳೀರಿ. ಮೋಟರ್ ನಿಂತಾಗಿನ ಮಟ್ಟ ಬೇಡ, ಓಡುವಾಗಿನ ಮಟ್ಟ ಬೇಕು. 520 ಅಡಿ ಬೋರ್ ಅಂದ ತಕ್ಷಣ 520 ಅಡಿಯಿಂದ ಎತ್ತಬೇಕಿಲ್ಲ.

ಓಡುವಾಗ 300 ಅಡಿಗೆ ನಿಲ್ಲುತ್ತೆ ಅಂದುಕೊಳ್ಳೋಣ. ಅದು 91 ಮೀಟರ್. ಹೊಂಡದ ದಂಡೆಗೆ ಏರೋದು, ಪೈಪಿನ ಉಜ್ಜಾಟ ಸೇರಿಸಿ 100 ಮೀಟರ್. ಒಂದು ಸಾವಿರ ಲೀಟರನ್ನು 100 ಮೀಟರ್ ಎತ್ತೋಕೆ ಬರೀ ಲೆಕ್ಕದಲ್ಲಿ 0.27 ಯೂನಿಟ್ ಬೇಕು. ಪಂಪ್, ಮೋಟರ್, ಡ್ರೈವ್ (ಬಿಸಿಲಿಗೆ ತಕ್ಕಂತೆ ಮೋಟರ್ ವೇಗ ಹೊಂದಿಸುವ ಕಂಟ್ರೋಲರ್), ಕೇಬಲ್ ಎಲ್ಲದರ ನಷ್ಟ ಕಳೆದು ನೀರಿಗೆ ಸೇರೋದು ನೂರಕ್ಕೆ 42 ಅಂತ ಹಿಡಿದರೆ 0.65 ಯೂನಿಟ್. ದಿನಕ್ಕೆ 6 ಗಂಟೆ ಒಳ್ಳೆ ಬಿಸಿಲು, 30,000 ಲೀಟರ್, ಅಂದರೆ ಹತ್ತಿರಹತ್ತಿರ 20 ಯೂನಿಟ್. ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಬಯಲುಸೀಮೆಯಲ್ಲಿ ದಿನಕ್ಕೆ ಸರಾಸರಿ ನಾಲ್ಕೂವರೆ ಯೂನಿಟ್. 5 ಎಚ್‌ಪಿ ಸೆಟ್ಟಿನ 4.8 ಕಿಲೋವ್ಯಾಟ್ ಸಾಕು. 7.5 ಹಾಕಿದರೆ ಮಧ್ಯಾಹ್ನ ಬೋರ್ ಕೊಡೋದಕ್ಕಿಂತ ಹೆಚ್ಚು ಎಳೆದು, ನೀರು ಇಳಿದು, ಡ್ರೈ ರನ್ (ನೀರಿಲ್ಲದೆ ಓಡೋದು) ಆಗಿ, ನಿಂತು, ಮತ್ತೆ ಹೊರಟು... ಬಿಸಿಲು ಜೋರಾಗಿರೋ ಹೊತ್ತೇ ಹಾಳಾಗುತ್ತೆ. ಏಜೆನ್ಸಿಯವರಿಗೆ 7.5 ಯಾಕೆ ಬೇಕು ಅಂತ ನಾನು ಹೇಳಬೇಕಾಗಿಲ್ಲ.

ಎಚ್‌ಪಿಗಿಂತ ಮುಖ್ಯ ಪಂಪಿನ ಸ್ಟೇಜ್, ಅಂದರೆ ಒಳಗೆ ಒಂದರ ಮೇಲೊಂದು ಕೂತು ನೀರು ತಳ್ಳುವ ಚಕ್ರಗಳು. ಸೋಲಾರ್ ಪಂಪ್ ಬೆಳಗಿಂದ ಸಂಜೆವರೆಗೆ 50 ಹರ್ಟ್ಸ್‌ನಲ್ಲಿ ತಿರುಗಲ್ಲ. ಬಿಸಿಲು ಕಡಿಮೆ ಇದ್ದಾಗ ಡ್ರೈವ್ ವೇಗ ಇಳಿಸುತ್ತೆ. ವೇಗ ಇಳಿದರೆ ಪಂಪ್ ಎತ್ತುವ ಎತ್ತರ ವರ್ಗದ ಲೆಕ್ಕದಲ್ಲಿ ಕುಸಿಯುತ್ತೆ. 50 ಹರ್ಟ್ಸ್‌ನಲ್ಲಿ ಗರಿಷ್ಠ 150 ಮೀಟರ್ ಎತ್ತುವ ಪಂಪ್ 40 ಹರ್ಟ್ಸ್‌ಗೆ 96 ಮೀಟರ್. ನಿಮ್ಮ ನೀರಿಗೆ ಅಷ್ಟು ಬೇಕೇ ಬೇಕು. ಅಂದರೆ 40ರ ಕೆಳಗೆ ಮೋಟರ್ ತಿರುಗುತ್ತೆ, ನೀರು ಬರಲ್ಲ. ‘ಬೆಳಿಗ್ಗೆ ಮೋಟರ್ ಸದ್ದು ಬರುತ್ತೆ, ನೀರು ಬರಲ್ಲ, ಕಂಪನಿಯವರು ಮೋಸ ಮಾಡಿದರು’ ಅನ್ನೋ ದೂರಿನಲ್ಲಿ ಅರ್ಧ ಇದೇ. ಅದೇ ಎಚ್‌ಪಿಯಲ್ಲಿ ಹೆಚ್ಚು ಸ್ಟೇಜ್ ಇರುವ, ಗರಿಷ್ಠ 180 ಮೀಟರ್ ಎತ್ತುವ ಪಂಪ್ ಕೇಳಿ. ಅದು 36–37 ಹರ್ಟ್ಸ್‌ಗೇ ನೀರು ಕೊಡೋಕೆ ಶುರು ಮಾಡುತ್ತೆ. ನಡುಹಗಲಲ್ಲಿ ಸ್ವಲ್ಪ ಕಡಿಮೆ ಬಂದರೂ ಬೆಳಿಗ್ಗೆ, ಸಂಜೆ ಸೇರಿ ಮುಕ್ಕಾಲು ಗಂಟೆ, ಒಂದು ಗಂಟೆ ಹೆಚ್ಚು ಸಿಗುತ್ತೆ. ಪಂಪ್ ಕರ್ವ್ ಹಾಳೆ (ಎಷ್ಟು ಎತ್ತರಕ್ಕೆ ಎಷ್ಟು ನೀರು ಅಂತ ತೋರಿಸುವ ನಕ್ಷೆ) ಕೇಳಿ ತಗೊಳ್ಳಿ. ಕೊಡದಿದ್ದರೆ ಬೇರೆ ಕಂಪನಿ ಆರಿಸಿ, ಪೋರ್ಟಲ್‌ನಲ್ಲಿ ಆರಿಸೋಕೆ ಅವಕಾಶ ಇದೆ.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳಲ್ಲ. 4.8 ಕಿಲೋವ್ಯಾಟ್‌ಗೆ 540 ವ್ಯಾಟ್ ಪ್ಯಾನೆಲ್ ಆದರೆ 9 ಬರುತ್ತೆ. ಒಂದೊಂದೂ ಓಡುವಾಗ 41–42 ವೋಲ್ಟ್. 9 ಸರಣಿಯಲ್ಲಿ ಸೇರಿದರೆ 375 ವೋಲ್ಟ್ ಡಿಸಿ. ಅದರಿಂದ ಡ್ರೈವ್ ಹೊರಗೆ ಕೊಡಬಲ್ಲದ್ದು 265 ವೋಲ್ಟ್ ಎಸಿ. 415 ವೋಲ್ಟ್ ಅಲ್ಲ. ಅದಕ್ಕೇ ಕೆಲವು ಕಿಟ್‌ಗಳ ಮೋಟರ್‌ಗೆ ಕಡಿಮೆ ವೋಲ್ಟೇಜಿನ ವೈಂಡಿಂಗ್ ಇರುತ್ತೆ. ಮುಂದೆ ಸುಟ್ಟಾಗ ಊರಿನ ಅಂಗಡಿಯಲ್ಲಿ ಮಾಮೂಲಿ 415ರ ವೈಂಡಿಂಗ್ ಹಾಕಿಸಿ ಇಳಿಸುತ್ತಾರೆ, ಆಮೇಲೆ ಮೋಟರ್ ಅರ್ಧ ವೇಗಕ್ಕೆ ಏರಿ ನಿಲ್ಲುತ್ತೆ. ಇಳಿಸುವ ಮೊದಲೇ ಮೋಟರ್ ಮೇಲಿನ ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ: ವೋಲ್ಟ್, ಆಂಪಿಯರ್, ಹರ್ಟ್ಸ್. ಒಳಗೆ ಹೋದ ಮೇಲೆ ನೋಡೋಕಾಗಲ್ಲ. ವೋಲ್ಟ್ ಕಡಿಮೆ ಅಂದರೆ ಆಂಪಿಯರ್ ಜಾಸ್ತಿ, 14ರ ಹತ್ತಿರ. ಮೋಟರ್ 400 ಅಡಿಗೆ ಕೂತರೆ 4 ಚದರ ಮಿ.ಮೀ. ಫ್ಲಾಟ್ ಕೇಬಲ್‌ನಲ್ಲಿ 14 ವೋಲ್ಟ್ ಕೇಬಲ್‌ಗೇ ಹೋಗುತ್ತೆ. 6 ಚದರ ಮಿ.ಮೀ. ಹಾಕಿಸಿ. ಮೀಟರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ.

—

ತೆಂಗು_ದಾಳಿಂಬೆ:

ಇಬ್ಬರಿಗೂ ಧನ್ಯವಾದ ಸರ್. ಎರಡು ಸಂದೇಹ. ಬೋರ್ 2ರಿಂದ ನೇರ ಡ್ರಿಪ್‌ಗೆ ಕೊಟ್ಟರೆ ಹೊಂಡದಿಂದ ಮತ್ತೆ ಎತ್ತುವ ಕೆಲಸ ತಪ್ಪುತ್ತಲ್ಲ? ಮತ್ತೆ, ಪಂಪ್ ಓಡದ ಹೊತ್ತಲ್ಲಿ ಅದೇ ಪ್ಯಾನೆಲ್‌ನಿಂದ ಮೇವಿನ ಮಷಿನ್ ಓಡಿಸಬಹುದು ಅಂತಾರೆ, ನಿಜವಾ?

—

ಹನಿಹನಿ:

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ನೇರ ಡ್ರಿಪ್‌ಗೆ ಕೊಡಬೇಡಿ. ಎರಡು ಸಲ ಎತ್ತುವುದು ನಷ್ಟ ಎಂಬುದು ನಿಜ, ಆದರೆ ಸಣ್ಣ ನಷ್ಟ. ಕೆಳಗಿನಿಂದ 100 ಮೀಟರ್ ಎತ್ತಿದ್ದರ ಮೇಲೆ ಡ್ರಿಪ್‌ಗೆ ಬೇಕಾದ್ದು ಇನ್ನೊಂದು 25 ಮೀಟರ್. ಆ 25 ಮೀಟರ್ ನೇರ ಕೊಟ್ಟರೂ ಬೇಕೇ ಆಗುತ್ತದೆ. ಬೋರ್ ಪಂಪಿನ ಒತ್ತಡ ಬಿಸಿಲಿನ ಜೊತೆ ಏರಿಳಿದರೆ ಬೆಳಿಗ್ಗೆ ಹತ್ತಿರದ ಗಿಡಕ್ಕೆ ಮಾತ್ರ ನೀರು, ಮೋಡ ಬಂದರೆ ಸಾಲಿನ ಕೊನೆಯ ಗಿಡ ಒಣಗು. ದಾಳಿಂಬೆಯಲ್ಲಿ ನೀರು ಹೀಗೆ ಏರುಪೇರಾದರೆ ಕಾಯಿ ಬಿರಿಯುತ್ತದೆ, ನಷ್ಟ ಡೀಸೆಲ್‌ಗಿಂತ ದೊಡ್ಡದು.

ನಿಮ್ಮ 12×10 ಅಂತರಕ್ಕೆ ಎಕರೆಗೆ 363 ಗಿಡ. ಗಿಡಕ್ಕೆ 4 ಲೀಟರಿನ 4 ಡ್ರಿಪ್ಪರ್ ಇದ್ದರೆ ಎಕರೆಗೆ ಗಂಟೆಗೆ 5,800 ಲೀಟರ್. ಇದನ್ನು 25 ಮೀಟರ್ ಒತ್ತಡದಲ್ಲಿ ತಳ್ಳಲು ಮೋಟರ್‌ಗೆ ಹೋಗಬೇಕಾದ್ದು 1 ಕಿಲೋವ್ಯಾಟ್. 1.8 ಕಿಲೋವ್ಯಾಟ್ ಪ್ಯಾನೆಲ್ ಇರುವ 2 ಎಚ್‌ಪಿ ಸರ್ಫೇಸ್ ಪಂಪ್ (ನೆಲದ ಮೇಲೆ ಕೂರುವ ಪಂಪ್) ಸಾಕು. ಈಗಿನ 5 ಎಚ್‌ಪಿ ಎಂಜಿನ್ ಮೂರೂ ಎಕರೆಯನ್ನು ಒಟ್ಟಿಗೆ ಬಿಡುತ್ತಿರಬೇಕು. ಸೋಲಾರ್‌ಗೆ ಬಂದರೆ ಆ ಅಭ್ಯಾಸ ಬಿಡಬೇಕು: ಮೂರು ಗೇಟ್ ವಾಲ್ವ್, ಒಂದು ಸಲಕ್ಕೆ ಒಂದೇ ಎಕರೆ. ಗಿಡಕ್ಕೆ ದಿನಕ್ಕೆ 30 ಲೀಟರ್ ಕೊಡುವ ಕಾಲದಲ್ಲಿ ಎಕರೆಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಬೆಳಿಗ್ಗೆ 9ಕ್ಕೆ ಶುರುವಾದರೆ ಮಧ್ಯಾಹ್ನ 3ರೊಳಗೆ ಮೂರೂ ಎಕರೆ ಮುಗಿಯುತ್ತದೆ. ಸರದಿಯನ್ನು ದಿನಾ ಬದಲಿಸಿ, ಒಂದೇ ಎಕರೆಗೆ ಯಾವಾಗಲೂ ಬೆಳಗಿನ ಮಂದ ಬಿಸಿಲು ಬರದಂತೆ. ಲ್ಯಾಟರಲ್ (ಗಿಡದ ಸಾಲಿನ ಡ್ರಿಪ್ ಪೈಪು) ಬದಲಿಸುವ ವರ್ಷ ಬಂದಾಗ ಒತ್ತಡ ಸರಿದೂಗಿಸುವ ಡ್ರಿಪ್ಪರ್ ಹಾಕಿಸಿ.

ಎಡವಟ್ಟು ಆಗುವ ಜಾಗ ಫಿಲ್ಟರ್. ಹೊಂಡದ ನೀರಿನಲ್ಲಿ ಪಾಚಿ ಇರುತ್ತದೆ, ಹಾಗಾಗಿ ಮರಳಿನ ಫಿಲ್ಟರ್, ನೀರು ಅದನ್ನು ದಾಟಿದ ಮೇಲೆ ಡಿಸ್ಕ್ ಫಿಲ್ಟರ್, ಎರಡೂ ಬೇಕು. ಮರಳಿನ ಫಿಲ್ಟರ್ ಬ್ಯಾಕ್‌ವಾಶ್ (ನೀರು ಹಿಮ್ಮುಖ ಹರಿಸಿ ತೊಳೆಯುವುದು) ಆಗಲು ರಭಸ ಬೇಕು, ಬೆಳಿಗ್ಗೆ ಮಾಡಿದರೆ ಮರಳು ಅಲ್ಲಾಡುವುದೇ ಇಲ್ಲ. ಮಧ್ಯಾಹ್ನ 12ರ ಮೇಲೆ, ಹೊಲದ ವಾಲ್ವ್ ಎಲ್ಲ ಮುಚ್ಚಿ ಮಾಡಿ. ಎರಡು ಕಡೆ ಪ್ರೆಷರ್ ಗೇಜ್ ಇಡಿ, ಫಿಲ್ಟರಿನ ಹಿಂದೆ ಮತ್ತು ಮುಂದೆ. ನಡುವಿನ ಅಂತರ ಅರ್ಧ ಕೆಜಿ ದಾಟಿದರೆ ತೊಳೆಯುವ ಹೊತ್ತು ಬಂತೆಂದೇ ಅರ್ಥ. ಗೊಬ್ಬರವನ್ನು ವೆಂಚುರಿಯಲ್ಲಿ (ಗೊಬ್ಬರದ ನೀರನ್ನು ಡ್ರಿಪ್ ಪೈಪಿಗೆ ಎಳೆದು ಬೆರೆಸುವ ಸಾಧನ) ಕೊಡುತ್ತಿದ್ದರೆ ಅದನ್ನೂ ನಡುಹಗಲಿಗೇ ಇಟ್ಟುಕೊಳ್ಳಿ, ಒತ್ತಡದ ವ್ಯತ್ಯಾಸ ಸಾಲದೆ ಹೋದರೆ ವೆಂಚುರಿ ಎಳೆಯುವುದಿಲ್ಲ.

ಪಂಪನ್ನು ಹೊಂಡದ ದಂಡೆಯ ಮೇಲೆ ನೀರಿಗೆ ಆದಷ್ಟು ಹತ್ತಿರ ಕೂರಿಸಿ, ಫುಟ್‌ವಾಲ್ವ್ ಹಾಳೆಗೆ ತಗುಲದಂತೆ ತೇಲುವ ಡಬ್ಬಕ್ಕೆ ಕಟ್ಟಿ. ತಳದ ಕೆಸರೂ ಬರುವುದಿಲ್ಲ, ಹಾಳೆಯೂ ತೂತಾಗುವುದಿಲ್ಲ.

—

ರಿವೈಂಡಿಂಗ್_ಅಂಗಡಿ:

ಮೇವಿನ ಮಷಿನ್ ವಿಷಯ: ಯುನಿವರ್ಸಲ್ ಕಂಟ್ರೋಲರ್ ಅಂತ ಬರುತ್ತೆ, ಮಾಮೂಲಿ ಪಂಪ್ ಕಂಟ್ರೋಲರ್ ಬದಲು ಅದನ್ನು ಹಾಕಿದರೆ ಪಂಪ್ ನಿಂತಾಗ ಬೇರೆ ಮೋಟರ್ ಓಡಿಸಬಹುದು. ಆದರೆ ನಿಮ್ಮದು ಸಿಂಗಲ್ ಫೇಸ್, ಕೆಪಾಸಿಟರ್ ಇರುವ ಮೋಟರ್. ವೇಗ ಏರಿಸಿ ಇಳಿಸುವ ಡ್ರೈವ್ ಮೇಲೆ ಅದು ಓಡಲ್ಲ, ಕೆಪಾಸಿಟರ್ ಸುಡುತ್ತೆ. ತ್ರೀ ಫೇಸ್ ಮೋಟರ್ ಹಾಕಿಸಬೇಕು. ಅಲ್ಲದೆ ಬೋರ್ 2 ದೂರದಲ್ಲಿದೆ, ಕೊಟ್ಟಿಗೆವರೆಗೆ ಕೇಬಲ್ ಎಳೆಯೋ ಖರ್ಚಿಗೆ ಅರ್ಥ ಇಲ್ಲ. ಉಚಿತ ಮೀಟರ್‌ನಲ್ಲಿ ಓಡ್ತಿದೆಯಲ್ಲ, ಓಡಲಿ. ಹಾಲು ಕರೆಯೋ ಮಷಿನ್ ಅಂತೂ ಕೇಳಲೇಬೇಡಿ. ಕರೆಯೋ ಹೊತ್ತು ಬೆಳಗಿನ ಜಾವ ಮತ್ತು ಸಂಜೆ, ಎರಡೂ ಹೊತ್ತು ಪ್ಯಾನೆಲ್ ನಿದ್ದೆ.

ಪ್ಯಾನೆಲ್ ಜಾಗ ಈಗಲೇ ಗುರುತು ಮಾಡಿ. ತೆಂಗಿನ ತೋಟದಲ್ಲಿ ದೊಡ್ಡ ಶತ್ರು ನೆರಳು. 9 ಪ್ಯಾನೆಲ್ ಒಂದೇ ಸರಣಿ, ಒಂದು ಗರಿಯ ನೆರಳು ಒಂದು ಪ್ಯಾನೆಲ್‌ಗೆ ಅಡ್ಡ ಬಿದ್ದರೂ ವೋಲ್ಟ್ ಇಳಿಯುತ್ತೆ, ಬೆಳಿಗ್ಗೆ ಡ್ರೈವ್ ಎದ್ದೇಳೋಕೆ ಒದ್ದಾಡುತ್ತೆ. 40 ಅಡಿ ಮರ ಬೆಳಿಗ್ಗೆ ಎಂಟೂವರೆಗೆ 70 ಅಡಿ ನೆರಳು ಹಾಕುತ್ತೆ. ಪೂರ್ವ, ಪಶ್ಚಿಮಕ್ಕೆ ಅಷ್ಟು ಬಿಡಿ. ದಕ್ಷಿಣಕ್ಕೆ ಡಿಸೆಂಬರ್ ನಡುಹಗಲಿನ ನೆರಳು 30 ಅಡಿ, ಅಷ್ಟು ಸಾಕು. ಉತ್ತರದ ಮರದಿಂದ ತೊಂದರೆ ಕಡಿಮೆ. ಮರ ಬೆಳೆಯುತ್ತೆ ಅನ್ನೋದನ್ನು ಮರೀಬೇಡಿ. ಮುಖ ದಕ್ಷಿಣಕ್ಕೆ, ವಾಲು ಸುಮಾರು 15 ಡಿಗ್ರಿ.

ಅಡಿಪಾಯ ಸುಮ್ಮನೆ ಬಿಡಬೇಡಿ. 9 ಪ್ಯಾನೆಲ್ ಅಂದರೆ 23 ಚದರ ಮೀಟರ್ ಹಾಯಿ ಕಟ್ಟಿದ ಹಾಗೆ. ಗಂಟೆಗೆ 150 ಕಿಲೋಮೀಟರ್ ಬಿರುಗಾಳಿ ಬಂದರೆ ಎರಡೂವರೆ ಟನ್ ಹತ್ತಿರ ಎತ್ತುವ ಬಲ. ಪ್ಯಾನೆಲ್ ತೂಕ 250 ಕೆಜಿ. ಉಳಿದದ್ದನ್ನು ಹಿಡಿಯೋದು ನೆಲದೊಳಗಿನ ಕಾಂಕ್ರೀಟ್, ಒಂದು ಘನ ಮೀಟರ್ ಕಾಂಕ್ರೀಟ್ 2.4 ಟನ್ ತೂಗುತ್ತೆ. ಎಲ್ಲ ಗುಂಡಿ ಸೇರಿ ಅದಕ್ಕಿಂತ ಕಡಿಮೆ ಹಾಕೋಕೆ ಬಿಡಬೇಡಿ. ಕೆಲಸದವರು ಒಂದೂವರೆ ಅಡಿ ಗುಂಡಿ ತೋಡಿ ಮೇಲೆ ಸಿಮೆಂಟ್ ಬಳಿದು ಚೆಂದ ಮಾಡಿ ಹೋಗ್ತಾರೆ, ಮೇ ತಿಂಗಳ ಮೊದಲ ಗಾಳಿಮಳೆಗೆ ಸ್ಟ್ರಕ್ಚರ್ ಬುಡಸಮೇತ ಮಗುಚುತ್ತೆ. ಗುಂಡಿ ತೋಡುವ ದಿನ ಅಲ್ಲೇ ನಿಂತಿರಿ.

—

ಕೊಟ್ಟಿಗೆ_ಸಿರ್ಸಿ:

ಸಿಲಿಂಡರ್ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೀತೆ.

ತಾಜಾ ಸಗಣಿ 25 ಕೆಜಿಗೆ ಒಂದು ಘನ ಮೀಟರ್ ಗ್ಯಾಸ್. ಒಬ್ಬರ ಅಡುಗೆಗೆ ದಿನಕ್ಕೆ ಕಾಲು ಘನ ಮೀಟರ್ ಹಿಡಿದರೆ 6 ಜನಕ್ಕೆ ಒಂದೂವರೆ. 2 ಘನ ಮೀಟರಿನ ದೀನಬಂಧು ಗುಂಡಿ (ಕಟ್ಟಿದ ಗುಮ್ಮಟದ ಗೋಬರ್ ಗ್ಯಾಸ್ ಮಾದರಿ) ಸಾಕು, ದಿನಕ್ಕೆ 50 ಕೆಜಿ ಸಗಣಿ. ನಿಮ್ಮ ಆರು ಹಸು ಅದಕ್ಕಿಂತ ಹೆಚ್ಚೇ ಕೊಡ್ತವೆ. ಒಂದು ಘನ ಮೀಟರ್ ಗ್ಯಾಸ್ 430 ಗ್ರಾಂ ಎಲ್‌ಪಿಜಿಗೆ ಸಮ. ಎರಡಕ್ಕೆ 860 ಗ್ರಾಂ, ಅಂದರೆ 14.2 ಕೆಜಿ ಸಿಲಿಂಡರ್ ಹದಿನಾರೂವರೆ ದಿನಕ್ಕೆ. ನಿಮಗೆ ಈಗ 20 ದಿನ ಬರ್ತಿದೆ, ಅಡುಗೆ ಪೂರ್ತಿ ಆಗಿ ಇನ್ನೂ ಉಳೀತದೆ. ‘ಸಗಣಿ ಇದೆಯಲ್ಲ’ ಅಂತ 6 ಘನ ಮೀಟರ್ ಕಟ್ಟಿಸಬೇಡಿ. ಹೊಟ್ಟೆ ತುಂಬದ ಗುಂಡಿಯಲ್ಲಿ ಗ್ಯಾಸೂ ಇಲ್ಲ, ಗೊಬ್ಬರವೂ ಇಲ್ಲ.

ಸಗಣಿ, ನೀರು ಸಮಸಮ ಕಲಸಿ ಹಾಕಬೇಕು. ಕಡ್ಡಿ, ಮೇವಿನ ತುಂಡು ಆರಿಸಿ. ಮೇಲೆ ಕೆನೆಗಟ್ಟಿ ಹಪ್ಪಳೆಯಾಗೋದು ಅದರಿಂದಲೇ. 40 ದಿನ ಒಳಗೆ ನಿಲ್ಲುವ ಲೆಕ್ಕಕ್ಕೆ ಗುಂಡಿ ಕಟ್ತಾರೆ, ಹಾಗಾಗಿ ಮೊದಲ ಸಲ ತುಂಬಲು 2 ಟನ್ ಸಗಣಿ ಬೇಕು. ಒಂದು ತಿಂಗಳು ಮೊದಲೇ ಕೂಡಿಡಿ, ಒಣಗಲು ಬಿಡಬೇಡಿ. ಓಡುತ್ತಿರುವ ಗೋಬರ್ ಗ್ಯಾಸಿನ ಬಗ್ಗಡ (ಗುಂಡಿಯಿಂದ ಹೊರಬರುವ ಸಗಣಿ ರಾಡಿ) ನಾಲ್ಕೈದು ಕೊಡ ಹೆಪ್ಪು ಹಾಕಿದರೆ ಬೇಗ ಹಿಡೀತದೆ. ಮೊದಲು ಬರುವ ಗ್ಯಾಸ್ ಹತ್ತೋದಿಲ್ಲ, ಅದರಲ್ಲಿ ಇಂಗಾಲಾಮ್ಲವೇ ಹೆಚ್ಚು. ಎರಡು ಮೂರು ಸಲ ಹೊರಗೆ ಬಿಡಿ, ಆಗ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋಗಬಾರದು. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ಹಸುವಿನ ಸಗಣಿಯನ್ನೂ ಆ ಒಂದು ವಾರ ಬೇರೆ ಹಾಕಿ. ಹಾಲಿನ ಹಸು ಜಾಸ್ತಿ ಇರುವ ಮನೆಗಳಲ್ಲಿ ಗ್ಯಾಸ್ ಇದ್ದಕ್ಕಿದ್ದಂತೆ ಕಡಿಮೆಯಾಗೋಕೆ ಇವೆರಡೇ ಹೆಚ್ಚಾಗಿ ಕಾರಣ, ಜನ ಗುಮ್ಮಟ ಒಡೆದಿದೆ ಅಂತ ಮೇಸ್ತ್ರಿಯನ್ನು ಕರೆಸ್ತಾರೆ. ಗುಮ್ಮಟವೇ ಸೋರ್ತದೋ ನೋಡಬೇಕಾದರೆ ರಾತ್ರಿ ವಾಲ್ವ್ ಮುಚ್ಚಿ ಹೊರ ಗುಂಡಿಯ ಬಗ್ಗಡದ ಮಟ್ಟಕ್ಕೆ ಗೆರೆ ಎಳೀರಿ. ಬೆಳಿಗ್ಗೆ ಮಟ್ಟ ಏರಿದ್ದರೆ ಗ್ಯಾಸ್ ಕೂಡ್ತಿದೆ, ಸರಿ. ಇಳಿದಿದ್ದರೆ ಸೋರ್ತಿದೆ.

ಉರಿ ಕುಣಿದು ಆರಿಹೋಗ್ತಾ ಇದ್ದರೆ ಪೈಪಲ್ಲಿ ನೀರು ನಿಂತಿದೆ ಅಂತ. ಪೈಪು 100 ಅಡಿಗೆ ಒಂದು ಅಡಿ ಇಳಿಜಾರಿರಲಿ, ಇಳಿಜಾರಿನ ತುದಿಯಲ್ಲಿ ನೀರು ಬಿಡುವ ನಲ್ಲಿ ಇರಲಿ. ಎಲ್‌ಪಿಜಿ ಒಲೆ ಇದಕ್ಕೆ ಆಗೋದಿಲ್ಲ, ಅದರ ಜೆಟ್ ತೂತು ಚಿಕ್ಕದು. ಗೋಬರ್ ಗ್ಯಾಸ್ ಒಲೆಯೇ ಬೇರೆ ಸಿಗ್ತದೆ. ಗುಂಡಿ ಅಡುಗೆಮನೆಗೆ 20 ಮೀಟರ್ ಒಳಗಿರಲಿ, ಬೋರ್‌ಗೆ ಹತ್ತಿರ ಬೇಡ. ನಿಮ್ಮಲ್ಲಿ ಬಿಸಿಲು ಚೆನ್ನಾಗಿದೆ, ನಮ್ಮ ಕಡೆ ಮಳೆಗಾಲದ ಥಂಡಿಗೆ ಗ್ಯಾಸ್ ಅರ್ಧಕ್ಕೆ ಇಳೀತದೆ, ಆ ಕಷ್ಟ ನಿಮಗಿಲ್ಲ.

ಬಗ್ಗಡವನ್ನು ಡ್ರಿಪ್‌ಗೆ ಸೋಸಿ ಬಿಡುವ ಆಸೆ ಬೇಡ. ತೆಂಗಿನ ಬುಡಕ್ಕೆ ಕಾಲುವೆಯಲ್ಲಿ ಹರಿಸಿ, ಮೇಲೆ ಗರಿ ಮುಚ್ಚಿ.

—

ಲೆಕ್ಕದ_ಪುಸ್ತಕ:

ಸಿರ್ಸಿ ಅಕ್ಕ ಹೇಳಿದ್ದಕ್ಕೆ ಒಂದು ತಕರಾರು. ಬೋರ್ 2ರ ಪಂಪ್‌ಗೂ ಗೋಬರ್ ಗ್ಯಾಸಿಗೂ ಒಂದೇ ವರ್ಷ ಕೈ ಹಾಕಬೇಡಿ. ಕುಸುಮ್ ಅರ್ಜಿ ಹಾಕಿದ ಮೇಲೆ ಕಾಯೋದು ಇದ್ದೇ ಇದೆ, ರೈತರ ಪಾಲು ಕಟ್ಟೋ ಹೊತ್ತಿಗೆ ಕೈ ಖಾಲಿ ಇರಬಾರದು. ಕಾಯುವ ಹೊತ್ತಲ್ಲಿ 2 ಎಚ್‌ಪಿ ಡ್ರಿಪ್ ಪಂಪ್ ಹಾಕಿ ಡೀಸೆಲ್ ನಿಲ್ಲಿಸಿ, ಅದೇ 60,000 ಮುಂದಿನದ್ದಕ್ಕೆ ದಾರಿ ಮಾಡುತ್ತೆ. ಎಂಜಿನ್ ಮಾರಬೇಡಿ. ಆಷಾಢದಲ್ಲಿ ನಾಲ್ಕು ದಿನ ಮೋಡ ಕಟ್ಟಿದಾಗ ಬೇಕಾಗುತ್ತೆ.

—

ಕೊಟ್ಟಿಗೆ_ಸಿರ್ಸಿ:

ಸರಿ, ಆದರೆ ಗುಂಡಿ ತೋಡಿಸೋದು ಬೇಸಿಗೆಯಲ್ಲೇ ಆಗಬೇಕು. ಮಳೆಯಲ್ಲಿ ಕಟ್ಟಿದ ಗುಮ್ಮಟದ ಕ್ಯೂರಿಂಗ್ ನಂಬೋ ಹಾಗಿಲ್ಲ.

—

ರಿವೈಂಡಿಂಗ್_ಅಂಗಡಿ:

ಪಂಪ್ ಕೂರಿಸಿ ಸಹಿ ಕೇಳುವ ದಿನ ಇವನ್ನು ನೋಡದೆ ಸಹಿ ಹಾಕಬೇಡಿ. ಸಹಿ ಆದ ಮೇಲೆ ಹುಡುಗರು ಫೋನ್ ಎತ್ತೋದು ಅಪರೂಪ.

ಅರ್ತಿಂಗ್ ಗುಂಡಿ ಬೇರೆ ಬೇರೆ ಇರಬೇಕು: ಸಿಡಿಲು ತಡೆಗೆ ಒಂದು, ಸ್ಟ್ರಕ್ಚರ್ ಮತ್ತು ಕಂಟ್ರೋಲರ್‌ಗೆ ಇನ್ನೊಂದು. ಮೀಟರ್ ಇಟ್ಟು ಅಳೆಸಿ, 5 ಓಮ್ ಒಳಗಿರಬೇಕು. ನಿಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿ ಓಮ್ ಏರುತ್ತೆ, ಗುಂಡಿಗೆ ಆಗಾಗ ನೀರು ಹಾಕಿ. ಏಪ್ರಿಲ್–ಮೇ ಗುಡುಗಿನ ಕಾಲದಲ್ಲಿ ಕಂಟ್ರೋಲರ್ ಸುಡೋದು ಹೆಚ್ಚಾಗಿ ಅರ್ತಿಂಗ್ ಸರಿಯಿಲ್ಲದೆ. ಕಂಟ್ರೋಲರ್ ಡಬ್ಬದೊಳಗೆ ಡಿಸಿ ಕಡೆ ಸರ್ಜ್ ತಡೆ ಇದೆಯಾ ನೋಡಿ. ಅದರ ಕಿಟಕಿ ಹಸಿರಿರಬೇಕು, ಕೆಂಪಾದರೆ ಸತ್ತಿದೆ, ಬದಲಿಸಬೇಕು.

ಕಂಟ್ರೋಲರ್‌ನಲ್ಲಿ ಮೂರು ಅಂಕಿ ತೋರಿಸೋಕೆ ಹೇಳಿ. ಕನಿಷ್ಠ ಹರ್ಟ್ಸ್ 30ಕ್ಕಿಂತ ಕೆಳಗಿರಬಾರದು, ಇದ್ದರೆ ಮೋಟರಿನ ತಳದ ಥ್ರಸ್ಟ್ ಬೇರಿಂಗ್‌ಗೆ ನೀರಿನ ಪದರ ಸಿಗದೆ ಸವೆಯುತ್ತೆ. ಗರಿಷ್ಠ ಹರ್ಟ್ಸ್ ಬೋರ್ ಕೊಡುವಷ್ಟಕ್ಕೆ ಇಳಿಸಿ. ಮಧ್ಯಾಹ್ನ 6,000 ಎಳೆದು ಬೋರ್ ಬತ್ತುತ್ತಿದ್ದರೆ 46, 47ಕ್ಕೆ ನಿಲ್ಲಿಸಿ ನೋಡಿ. ಡ್ರೈ ರನ್: ಬರೀ ಆಂಪಿಯರ್ ನೋಡಿ ನಿಲ್ಲಿಸುವ ಸೆಟ್ಟಿಂಗ್ ಆದರೆ ಮೋಡ ಬಂದಾಗಲೂ ‘ನೀರಿಲ್ಲ’ ಅಂತ ನಿಲ್ಲುತ್ತೆ. ಬೋರಿಗೆ ನೀರಿನ ಮಟ್ಟ ನೋಡುವ ಸೆನ್ಸರ್ ವೈರ್ ಇಳಿಸಿ, ಮೋಟರ್‌ಗಿಂತ 20 ಅಡಿ ಮೇಲೆ.

ಪ್ಯಾನೆಲ್ ಹಿಂದಿನ ಕನೆಕ್ಟರ್‌ಗಳನ್ನು ಬಿಸಿಲಲ್ಲಿ ಎಳೆದು ಬಿಚ್ಚೋಕೆ ಯಾರನ್ನೂ ಬಿಡಬೇಡಿ. 400 ವೋಲ್ಟ್ ಡಿಸಿ, ಕಿಡಿ ಹತ್ತಿದರೆ ಎಸಿ ಹಾಗೆ ತಾನಾಗಿ ಆರಲ್ಲ, ಕೈ ತಗುಲಿದರೆ ಜೀವಕ್ಕೇ ಅಪಾಯ. ಮೊದಲು ಐಸೊಲೇಟರ್ (ಪ್ಯಾನೆಲ್ ಕರೆಂಟು ಕಡಿಯುವ ಸ್ವಿಚ್) ತಿರುಗಿಸಿ, ಆಮೇಲೆ ಉಳಿದದ್ದು. ಮಕ್ಕಳಿಗೂ ಹೇಳಿಡಿ.

ಒರೆಸೋದು: ಜನವರಿಯಿಂದ ಮೇವರೆಗೆ 15 ದಿನಕ್ಕೊಮ್ಮೆ, ಸೂರ್ಯ ಏರುವ ಮೊದಲು. ಬೋರ್ ನೀರು ಚೆಲ್ಲಿ ಹಾಗೇ ಒಣಗೋಕೆ ಬಿಟ್ಟರೆ ಬಿಳಿ ಉಪ್ಪು ಕೂರುತ್ತೆ, ಆಮೇಲೆ ಉಜ್ಜಿದರೆ ಗಾಜೇ ಗೀರಾಗುತ್ತೆ. ಹೊಂಡದಲ್ಲಿ ಮಳೆ ನೀರಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಒದ್ದೆ ಬಟ್ಟೆಯ ಹಿಂದೆಯೇ ಒಣ ಬಟ್ಟೆ. ಬೋಲ್ಟ್‌ಗಳ ನಟ್ಟಿಗೆ ಒಂದು ಚುಕ್ಕೆ ವೆಲ್ಡಿಂಗ್ ಹಾಕಿಸಿ ಜಿಂಕ್ ಪೇಂಟ್ ಬಳೀರಿ, ಕಳ್ಳರಿಗೆ ಸ್ಪ್ಯಾನರ್ ಸಾಕಾಗಬಾರದು.

ಐದು ವರ್ಷ ದುರಸ್ತಿ ಕಂಪನಿಯದ್ದೇ. ಕಂಟ್ರೋಲರ್, ಮೋಟರ್, ಪ್ಯಾನೆಲ್ ಎಲ್ಲದರ ಸೀರಿಯಲ್ ನಂಬರ್ ಕೈಯಾರೆ ಬರೆದುಕೊಂಡು ಬಿಲ್‌ನಲ್ಲಿರೋದಕ್ಕೆ ತಾಳೆ ನೋಡಿ. ತಾಳೆ ಆಗದಿದ್ದರೆ ಮುಂದೆ ವಾರಂಟಿ ಕೇಳುವಾಗ ಅದೇ ನೆಪ ಆಗುತ್ತೆ.

—

ತೆಂಗು_ದಾಳಿಂಬೆ:

ಬಾಡಿಗೆ ಮೋಟರ್ ಇಳಿಸಿ ಡ್ರಮ್ ಲೆಕ್ಕ, ಓಡುವಾಗಿನ ಮಟ್ಟ ಎರಡೂ ಅಳೆದು ಇಲ್ಲೇ ಹಾಕ್ತೀನಿ. 300 ಅಡಿ ಬದಲು 380ಕ್ಕೆ ಇಳಿದರೆ 5 ಎಚ್‌ಪಿಯೇ ಸಾಕಾ?

—

ರಿವೈಂಡಿಂಗ್_ಅಂಗಡಿ:

380 ಅಂದರೆ 116 ಮೀಟರ್, ಎಲ್ಲ ಸೇರಿ 125. ಆಗ ದಿನಕ್ಕೆ 30,000 ಬದಲು 25,000 ಲೀಟರ್ ಬರುತ್ತೆ, ಎಚ್‌ಪಿ ಅದೇ ಇರಲಿ. ಮೋಟರನ್ನು 460 ಅಡಿಗೆ ಇಳಿಸಿ. ಪಂಪ್ ಮಾತ್ರ ಗರಿಷ್ಠ 220 ಮೀಟರ್ ಎತ್ತುವ ಸ್ಟೇಜಿನದ್ದು ಕೇಳಿ. ಅಳೆದ ಮೇಲೆ ಆರ್ಡರ್ ಮಾಡಿ, ಆರ್ಡರ್ ಮಾಡಿ ಅಳೀಬೇಡಿ.